ರಾಪಾ ನುಯಿಯಲ್ಲಿ, ಕಲ್ಲು ನಡೆದ ದಾರಿಯಲ್ಲಿ

ರಾಪಾ ನುಯಿ ಎಂದು ಅಲ್ಲಿನವರು ಕರೆಯುವ ಈಸ್ಟರ್ ದ್ವೀಪ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕಡಲ ಬದಿಯಲ್ಲಿ ಸಾಲಾಗಿ ನಿಂತ ಉದ್ದ ಮೂಗಿನ ಕಲ್ಲಿನ ಮೂರ್ತಿಗಳು. ಅಲ್ಲಿಗೆ ಹೋಗಿ ಬಂದ ಮೇಲೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂತದ್ದು ಮಾತ್ರ ಅಲ್ಲಿನ ಕಲ್ಲುಕೋರೆ. ಆದ್ದರಿಂದ ಅಲ್ಲಿಂದಲೇ ಸುರು ಮಾಡುತ್ತೇನೆ.

ಕೋರೆಯ ಹೆಸರು ರಾನೊ ರರಾಕು. ಆರಿಹೋದ ಜ್ವಾಲಾಮುಖಿ ಅದು, ಬೂದಿ ಒತ್ತೊತ್ತಾಗಿ ಬಿದ್ದು ಕಲ್ಲಾದ ಗುಡ್ಡ. ನಮ್ಮ ಕರಿಕಲ್ಲಿನ ಹಾಗೆ ಉಳಿಗೆ ಬೆಂಕಿ ಹಾರಿಸುವ ಕಲ್ಲಲ್ಲ. ಗಟ್ಟಿ ಬಸಾಲ್ಟಿನ ತುಂಡನ್ನು ಅಂಗೈಯಲ್ಲಿ ಹಿಡಿದು ಕುಟ್ಟಿದರೆ ಸ್ವಲ್ಪ ಸ್ವಲ್ಪವೇ ಪುಡಿ ಬೀಳುತ್ತದೆ. ಕಬ್ಬಿಣವನ್ನೇ ಕಾಣದ ಜನ ಹೀಗೆ ಕುಟ್ಟಿ ಕುಟ್ಟಿಯೇ ಮೂರ್ತಿ ಮಾಡಿದರು. ಈ ಮೂರ್ತಿಗಳಿಗೆ ಅಲ್ಲಿನವರು ಮೊವಾಯ್ ಎನ್ನುತ್ತಾರೆ. ಇಡೀ ದ್ವೀಪದಲ್ಲಿ 900ಕ್ಕೂ ಹೆಚ್ಚು ಮೊವಾಯ್‌ಗಳು ಉಂಟು. ಹೆಚ್ಚುಕಡಿಮೆ ಎಲ್ಲವೂ ಹುಟ್ಟಿದ್ದು ಈ ಒಂದೇ ಗುಡ್ಡದಲ್ಲಿ, ಅದರಲ್ಲಿ ಸುಮಾರು 400 ಇಲ್ಲಿಂದ ಹೊರಗೆ ಹೋಗಲೇ ಇಲ್ಲ.

ಗುಡ್ಡ ಹತ್ತುತ್ತಾ ಹೋದ ಹಾಗೆ ಕೆಲಸದ ಒಂದೊಂದು ಹಂತವೂ ಕಣ್ಣಿಗೆ ಬೀಳುತ್ತದೆ. ಒಂದು ಕಡೆ ಬಂಡೆಯಲ್ಲಿ ಮುಖದ ಗೆರೆ ಮಾತ್ರ ಮೂಡಿದೆ. ಇನ್ನೊಂದು ಕಡೆ ಹೊಟ್ಟೆ, ಕೈ, ಉದ್ದನೆಯ ಬೆರಳುಗಳು ಎಲ್ಲ ಮುಗಿದಿದೆ, ಬೆನ್ನು ಮಾತ್ರ ಕಿರಿದಾದ ದಿಂಡಿನ ಹಾಗೆ ತಾಯಿಬಂಡೆಗೆ ಅಂಟಿಕೊಂಡಿದೆ. ಆ ದಿಂಡನ್ನು ಕಡಿದ ಮೇಲೆ ಮೂರ್ತಿಯನ್ನು ಇಳಿಜಾರಿನಲ್ಲಿ ಕೆಳಗೆ ಜಾರಿಸಿ, ಗುಂಡಿಯಲ್ಲಿ ನಿಲ್ಲಿಸಿ, ಬೆನ್ನಿನ ಕೆಲಸ ಮುಗಿಸುತ್ತಿದ್ದರು. ಪಟದಲ್ಲಿ ನಾವು ನೋಡುವ ಬರಿ ತಲೆಗಳು ಹೀಗೆ ನಿಲ್ಲಿಸಿದ್ದವೇ. ನೂರಾರು ವರ್ಷ ಮೇಲಿನಿಂದ ಮಣ್ಣು ಜಾರಿ ಹೆಗಲವರೆಗೆ ಹೂತಿವೆ. ಅಗೆದು ನೋಡಿದಾಗ ಕೆಳಗೆ ಇಡೀ ಮೈ ಸಿಕ್ಕಿತು, ಬೆನ್ನ ಮೇಲೆ ಕೆತ್ತನೆಯೂ ಸಿಕ್ಕಿತು.

ಎಲ್ಲಕ್ಕಿಂತ ದೊಡ್ಡದು ಇನ್ನೂ ಬಂಡೆಯಲ್ಲೇ ಮಲಗಿದೆ. ಉದ್ದ 21 ಮೀಟರ್, ಅಂದರೆ 69 ಅಡಿ. ನಮ್ಮ ಕಾರ್ಕಳದ ಗೊಮ್ಮಟ 42 ಅಡಿ. ನಾನು ಆ ಮಲಗಿದ ಮೂರ್ತಿಯ ಬುಡದ ಕಡೆಯಿಂದ ತಲೆಯ ಕಡೆಗೆ ಮೆಲ್ಲ ಕಣ್ಣು ಹಾಯಿಸಿ, ಮತ್ತೆ ಹಿಂದೆ ಬಂದು, ಪುನಃ ನೋಡಿದೆ. ಮಗ ಪಕ್ಕದಲ್ಲಿ ನಿಂತು, “ಅಮ್ಮ, ಗುಂಪು ಮುಂದೆ ಹೋಯ್ತು” ಎಂದ. ಹೋಗಲಿ, ನನಗೆ ಇದನ್ನು ನೋಡಬೇಕು ಎಂದೆ.

ನನಗೆ ಯಾಕೆ ಅಷ್ಟು ಬೇಕಾಯಿತು ಎಂದು ಹೇಳಬೇಕಾದರೆ ನನ್ನ ತವರಿನ ವಿಷಯ ಹೇಳಬೇಕು. ನಾನು ಈಗ ಇರುವುದು ಉಡುಪಿಯಲ್ಲಿ, ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿ. ಹುಟ್ಟಿ ಬೆಳೆದದ್ದು ಕಾರ್ಕಳದ ಹತ್ತಿರ. ನನ್ನ ಸೋದರಮಾವ ಕಲ್ಲಿನ ಕೆಲಸದವರು. ಮನೆಯ ಜಗಲಿಯಲ್ಲಿ ಅವರ ಚಾಣಗಳು, ಸುತ್ತಿಗೆಗಳು ಸಾಲಾಗಿ ಇರುತ್ತಿದ್ದವು, ನಾವು ಮಕ್ಕಳು ಮುಟ್ಟಬಾರದು. ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಕೊಡುತ್ತಿದ್ದರು. ಒಳಗೆ ಬಿರುಕಿದ್ದರೆ ಸದ್ದು ಬೇರೆ. “ಕಲ್ಲಿಗೆ ಎಳೆ ಉಂಟು ಮಗಾ, ಅದು ಯಾವ ಕಡೆ ಓಡಿದೆ ಅಂತ ಗೊತ್ತಾಗದೆ ಉಳಿ ಇಡಬಾರದು” ಎನ್ನುತ್ತಿದ್ದರು.

ಧರ್ಮಸ್ಥಳದ ಬಾಹುಬಲಿಯನ್ನು ಕೆತ್ತಿದ್ದು ನಮ್ಮ ಕಾರ್ಕಳದಲ್ಲಿ, ರೆಂಜಾಳ ಗೋಪಾಲಕೃಷ್ಣ ಶೆಣೈಯವರ ಕೈಯಲ್ಲಿ. ರತ್ನವರ್ಮ ಹೆಗ್ಗಡೆಯವರು ಮನಸ್ಸು ಮಾಡಿದ ಕೆಲಸ, ವೀರೇಂದ್ರ ಹೆಗ್ಗಡೆಯವರ ಕಾಲದಲ್ಲಿ ಮುಗಿಯಿತು. 39 ಅಡಿಯ ಆ ಮೂರ್ತಿ 1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಹೊರಟಾಗ ನಾನು ಸಣ್ಣ ಹುಡುಗಿ. ಅಷ್ಟೊಂದು ಗಾಲಿಗಳ ಗಾಡಿಯನ್ನು ನಮ್ಮ ಕಡೆಯವರು ಅದಕ್ಕೆ ಮೊದಲು ಕಂಡದ್ದೇ ಇಲ್ಲ. ರಸ್ತೆ ಬದಿಯಲ್ಲಿ ಜನವೋ ಜನ. ಅಜ್ಜಿ ಹರಿವಾಣದಲ್ಲಿ ಹೂ ಇಟ್ಟುಕೊಂಡು ಬೆಳಗ್ಗಿನಿಂದ ನಿಂತಿದ್ದರು. ಗಾಡಿ ಬಂತು, ಬಂತು ಎಂದರೆ ಬಂದದ್ದು ಕಾಣುವುದೇ ಇಲ್ಲ, ಅಷ್ಟು ನಿಧಾನ. ಮುಂದೆ ಒಬ್ಬರು ಕೈ ಎತ್ತಿದರೆ ನಿಲ್ಲುವುದು, ಇಳಿಸಿದರೆ ಹೊರಡುವುದು. ನನಗೆ ಸರಿಯಾಗಿ ನೆನಪಿರುವುದು ಮಲಗಿದ ಮೂರ್ತಿಯ ಕಾಲಿನ ಬೆರಳುಗಳು. ಮಾವನ ಹೆಗಲ ಮೇಲೆ ಕೂತು ಕೇಳಿದ್ದೆ: “ಮಾವ, ಇದನ್ನು ಎಬ್ಬಿಸುವುದು ಹೇಗೆ?” ಅವರು ಹೇಳಿದ್ದು, “ಎಬ್ಬಿಸುವವರಿಗೆ ಗೊತ್ತುಂಟು.”

ರತ್ನಗಿರಿ ಬೆಟ್ಟದ ಮೇಲೆ ಪ್ರತಿಷ್ಠೆಯಾದದ್ದು 1982ರಲ್ಲಿ. ಅಂದರೆ ನಮ್ಮದೇ ಕಾಲದಲ್ಲಿ, ಎಂಜಿನ್ನು, ಕ್ರೇನು, ಟ್ರಾಲಿ ಎಲ್ಲ ಇದ್ದೂ ಅದು ಹಗುರದ ಕೆಲಸ ಆಗಿರಲಿಲ್ಲ. ಇದನ್ನು ತಲೆಯಲ್ಲಿ ಇಟ್ಟುಕೊಂಡೇ ನಾನು ರಾಪಾ ನುಯಿಗೆ ಹೋದದ್ದು.

ಹೋಗುವ ದಾರಿಯನ್ನು ಉದ್ದ ಮಾಡಿ ಹೇಳುವುದಿಲ್ಲ. ಮಗ ಕೆಲಸದ ಮೇಲೆ ಚಿಲಿಯ ರಾಜಧಾನಿ ಸಾಂತಿಯಾಗೊದಲ್ಲಿ ಇದ್ದಾನೆ, ಅವನಲ್ಲಿಗೆ ನಾನು ಮತ್ತು ಇವರು ಹೋಗಿದ್ದೆವು. ಅಲ್ಲಿಂದ ಪಶ್ಚಿಮಕ್ಕೆ ಐದು ಗಂಟೆಗೂ ಮೀರಿದ ವಿಮಾನಯಾನ, ಕೆಳಗೆ ಬರೀ ನೀರು. ಚಿಲಿಯ ಕರಾವಳಿಯಿಂದ 3,500 ಕಿಲೋಮೀಟರಿಗೂ ದೂರ. ಜನ ಇರುವ ಅತಿ ಹತ್ತಿರದ ಜಾಗ ಪಿಟ್‌ಕೇರ್ನ್ ಎಂಬ ಪುಟ್ಟ ದ್ವೀಪ, ಅದೂ ಸುಮಾರು 2,000 ಕಿಲೋಮೀಟರ್ ಆಚೆ. ಇಡೀ ರಾಪಾ ನುಯಿ 164 ಚದರ ಕಿಲೋಮೀಟರ್ ಮಾತ್ರ. 2017ರ ಜನಗಣತಿಯಲ್ಲಿ 7,750 ಜನ. ಇರುವುದು ಒಂದೇ ಪೇಟೆ, ಹಾಂಗಾ ರೋವ. ಅಂಥ ಊರಿನ ವಿಮಾನದ ಓಡುದಾರಿ ಮಾತ್ರ ತುಂಬ ಉದ್ದ, ಯಾಕೆಂದರೆ 1980ರ ದಶಕದಲ್ಲಿ ಅಮೆರಿಕದ ನಾಸಾ ತನ್ನ ಬಾಹ್ಯಾಕಾಶ ನೌಕೆಗೆ ಆಪತ್ತಿನಲ್ಲಿ ಇಳಿಯಲು ಬೇಕೆಂದು ಅದನ್ನು ಉದ್ದ ಮಾಡಿಸಿತ್ತು.

ಇಳಿದ ಕೂಡಲೇ ಮೂಗಿಗೆ ಬಂದದ್ದು ಉಪ್ಪಿನ ಗಾಳಿ ಮತ್ತು ಒದ್ದೆ ಮಣ್ಣಿನ ವಾಸನೆ. ಇವರು “ಮಲ್ಪೆಗೆ ಬಂದ ಹಾಗೆ ಆಯ್ತಲ್ಲ” ಎಂದರು. ಹಾಗೆ ಅನ್ನಿಸಿದ್ದು ಒಂದು ನಿಮಿಷ ಮಾತ್ರ. ತೆಂಗು ಇಲ್ಲದ ಬೋಳು ಗುಡ್ಡಗಳು, ಎಲ್ಲೆಂದರಲ್ಲಿ ಮೇಯುವ ಕುದುರೆಗಳು, ಕಪ್ಪು ಬಂಡೆಗೆ ಬಡಿಯುವ ಅಲೆ. ಮಳೆ ಬರುತ್ತದೆ, ಹತ್ತು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುತ್ತದೆ. ಆನಕೇನ ಎಂಬಲ್ಲಿ ಬಿಳಿ ಮರಳಿನ ದಂಡೆಯಲ್ಲಿ ತೆಂಗಿನ ತೋಪು ಉಂಟು, ಆದರೆ ಅವು ಇತ್ತೀಚೆಗೆ ಹೊರಗಿನಿಂದ ತಂದು ನೆಟ್ಟವು. ಹಳೆಯ ಕಾಲದಲ್ಲಿ ದ್ವೀಪದ ತುಂಬ ಇದ್ದದ್ದು ಬೇರೆಯೇ ಜಾತಿಯ ತಾಳೆ, ಅದು ಪೂರ್ತಿ ಅಳಿದಿದೆ.

ಈ ತಾಳೆಯ ಕಥೆಯನ್ನು ನೀವೂ ಕೇಳಿರಬಹುದು. ಮೂರ್ತಿ ಸಾಗಿಸುವ ಹುಚ್ಚಿನಲ್ಲಿ ಮರ ಎಲ್ಲ ಕಡಿದರು, ಮಣ್ಣು ಕೊಚ್ಚಿಹೋಯಿತು, ಹೊಟ್ಟೆಗಿಲ್ಲದೆ ತಮ್ಮತಮ್ಮಲ್ಲೇ ಕಡಿದಾಡಿ ನಾಶವಾದರು ಎಂಬ ಕಥೆ. ನಾನೂ ಎಷ್ಟೋ ಕಡೆ ಓದಿದ್ದೆ. ನಮ್ಮ ಗೈಡ್ ಸುಮಾರು ಐವತ್ತರ ರಾಪಾ ನುಯಿ ಹೆಂಗಸು, ಕೂದಲಿಗೆ ಹೂ ಮುಡಿದಿದ್ದರು, ಮಾತು ಮೆಲ್ಲ. ಆದರೆ ಈ ಕಥೆಯ ವಿಷಯ ಯಾರೋ ಎತ್ತಿದಾಗ ಅವರ ಮುಖ ಬದಲಾಯಿತು. “ನಾವು ನಾಶ ಆಗಿದ್ದರೆ ನಿಮ್ಮ ಎದುರು ನಿಂತು ಮಾತಾಡುತ್ತಿರುವುದು ಯಾರು?” ಎಂದು ಕೇಳಿದರು. ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ.

ಮರ ಹೋದದ್ದು ಹೌದು. ಕಡಿದದ್ದೂ ಹೌದು, ದೋಣಿಯಲ್ಲಿ ಬಂದ ಇಲಿಗಳು ಬೀಜ ತಿಂದದ್ದೂ ಹೌದು. ಆದರೆ ಮರ ಹೋದ ಮೇಲೆ ಜನ ಕೈಕಟ್ಟಿ ಕೂರಲಿಲ್ಲ. ಕಲ್ಲನ್ನು ಒಡೆದು ಗದ್ದೆಗೆ ಹರಡಿದರು. ಗಾಳಿಗೆ ಮಣ್ಣು ಹಾರದ ಹಾಗೆ, ಪಸೆ ಆರದ ಹಾಗೆ ಆ ಕಲ್ಲು ತಡೆಯುತ್ತದೆ. ಅದರ ಸಂದಿನಲ್ಲಿ ಗೆಣಸು ನೆಟ್ಟರು. ಬಾಳೆಗೆ, ಕೆಸುವಿಗೆ ಸುತ್ತಲೂ ಎದೆಯೆತ್ತರ ಕಲ್ಲುಗೋಡೆ ಕಟ್ಟಿದರು. ಅಂಥ ಒಂದು ಕಲ್ಲಿನ ಆವರಣದೊಳಗೆ ಬಗ್ಗಿ ನೋಡಿದರೆ ಕಂಡದ್ದು ನಮ್ಮ ಕೆಸು! ಅದೇ ಎಲೆ, ಅದೇ ದಂಟು, ಎಲೆಯ ನಡುವೆ ಉರುಳುವ ಅದೇ ನೀರಿನ ಹನಿ. ಪಕ್ಕದಲ್ಲಿ ಬಾಳೆ, ಕಬ್ಬು. ಹಳೆಯ ಕಾಲದ ದೋಣಿಗಳಲ್ಲಿ ಪಾಲಿನೇಷ್ಯದ ಜನ ಕೆಸು, ಬಾಳೆ, ಕಬ್ಬು, ಅರಿಶಿನ, ಕೋಳಿ ಎಲ್ಲ ಕಟ್ಟಿಕೊಂಡು ಬಂದಿದ್ದರಂತೆ. ಆಟಿಯಲ್ಲಿ ನಾವು ಈ ಎಲೆಗೆ ಅಕ್ಕಿ ಮಸಾಲೆ ಹಚ್ಚಿ ಸುತ್ತಿ ಬೇಯಿಸುತ್ತೇವೆ ಎಂದು ಗೈಡಿಗೆ ಹೇಳಿದೆ. ಅವರು ಹುಣಸೆಹುಳಿ ಯಾಕೆ ಹಾಕುತ್ತೀರಿ, ಎಷ್ಟು ಹೊತ್ತು ಬೇಯಬೇಕು ಎಂದೆಲ್ಲ ಕೇಳಿದರು. ನಾಲಗೆ ತುರಿಸದ ಹಾಗೆ ಎಂದು ನಾನು ಹೇಳುವುದೂ, ಅವರು ಗಂಟಲು ಹಿಡಿದು ತೋರಿಸುವುದೂ ಒಟ್ಟಿಗೇ ಆಯಿತು. ಕೆಸುವಿನ ತುರಿಕೆ ಅಲ್ಲಿಯೂ ಉಂಟು.

2024ರಲ್ಲಿ ಇನ್ನೊಂದು ಸಂಗತಿ ಗಟ್ಟಿಯಾಯಿತು. ಹಿಂದಿನ ಕಾಲದ 15 ರಾಪಾ ನುಯಿ ಜನರ ಅವಶೇಷಗಳಿಂದ ಡಿಎನ್ಎ ತೆಗೆದು ವಿಜ್ಞಾನಿಗಳು ಪರೀಕ್ಷೆ ಮಾಡಿದರು. 1600ರ ಸುಮಾರಿಗೆ ಜನಸಂಖ್ಯೆ ಕುಸಿದು ಬಿತ್ತು ಎನ್ನುವುದಕ್ಕೆ ಅದರಲ್ಲಿ ಯಾವ ಗುರುತೂ ಸಿಗಲಿಲ್ಲ. ಬದಲಿಗೆ, 1860ರ ದಶಕದವರೆಗೂ ಜನ ನಿಧಾನವಾಗಿ ಹೆಚ್ಚುತ್ತಲೇ ಇದ್ದರು ಎಂದು ತಿಳಿಯಿತು. ಯುರೋಪಿನವರು ಬರುವ ಎಷ್ಟೋ ಮೊದಲು ದಕ್ಷಿಣ ಅಮೆರಿಕದ ಜನರ ಜತೆ ಸಂಬಂಧ ಬೆಳೆದಿತ್ತು ಎಂದೂ ಗೊತ್ತಾಯಿತು. ಅಷ್ಟು ದೊಡ್ಡ ಸಮುದ್ರ ದಾಟಿ ಹೋಗಿ ಬರಲು ತಿಳಿದಿದ್ದ ಜನ ಅವರು.

ಹಾಗಾದರೆ ಏನಾಯಿತು? ಡಚ್ ನಾವಿಕ ಯಾಕೋಬ್ ರೊಗೆವೀನ್ 1722ರ ಈಸ್ಟರ್ ಭಾನುವಾರದಂದು ದ್ವೀಪ ಕಂಡ, ಆದ್ದರಿಂದ ಆ ಹೆಸರು. ಅವನ ಕಡೆಯವರು ದಡಕ್ಕೆ ಇಳಿದ ದಿನವೇ ಗುಂಡು ಹಾರಿಸಿ ಹತ್ತು ಹನ್ನೆರಡು ಮಂದಿಯನ್ನು ಕೊಂದರು. ಅದು ಸುರು. 1862ರಲ್ಲಿ ಪೆರುವಿನಿಂದ ಗುಲಾಮರನ್ನು ಹಿಡಿಯುವ ಹಡಗುಗಳು ಬಂದವು. ಕೆಲವು ತಿಂಗಳಲ್ಲಿ ಸುಮಾರು 1,500 ಜನರನ್ನು ಹಿಡಿದು ಕೊಂಡುಹೋದರು. ದ್ವೀಪದ ಜನರಲ್ಲಿ ಹತ್ತಿರ ಹತ್ತಿರ ಅರ್ಧ. ಅರಸು ಮನೆತನದವರು, ವಿದ್ಯೆ ಬಲ್ಲವರು, ಎಲ್ಲ ಅದರಲ್ಲಿ ಇದ್ದರು. ಹೊರದೇಶಗಳ ಒತ್ತಾಯಕ್ಕೆ ಆಮೇಲೆ ವಾಪಸು ಕಳಿಸಿದಾಗ ಹೆಚ್ಚಿನವರು ಆಗಲೇ ಸತ್ತಿದ್ದರು, ಬದುಕಿ ಬಂದ ಕೆಲವರ ಮೈಯಲ್ಲಿ ಸಿಡುಬು ಇತ್ತು. ಅದು ಉಳಿದವರನ್ನು ಹಿಡಿಯಿತು. 1877ರಲ್ಲಿ ಎಣಿಸಿದಾಗ ಇದ್ದದ್ದು 111 ಜನ.

ನೂರಾ ಹನ್ನೊಂದು. ನಮ್ಮ ಕುಟುಂಬದ ಮನೆಯಲ್ಲಿ ಕೋಲದ ದಿನ ಊಟಕ್ಕೆ ಕೂರುವವರು ಅದಕ್ಕಿಂತ ಹೆಚ್ಚು.

ಅಲ್ಲಿಯೇ ನನಗೆ ಮಾವನ ಮಾತು ಬೇರೆ ಥರ ಕೇಳಿಸಿದ್ದು. ಎಬ್ಬಿಸುವವರಿಗೆ ಗೊತ್ತಿತ್ತು. ಆ ಗೊತ್ತಿದ್ದವರನ್ನೇ ಹಡಗಿಗೆ ತುಂಬಿದರೆ? ಕಾರ್ಕಳದಿಂದ ಒಂದು ಮಳೆಗಾಲ ಮುಗಿಯುವುದರೊಳಗೆ ಶಿಲ್ಪಿಗಳನ್ನು, ಪುರೋಹಿತರನ್ನು, ಹಾಡು ಗೊತ್ತಿದ್ದ ಮುದುಕಿಯರನ್ನು, ಗಾಡಿಯ ಮುಂದೆ ನಿಂತು ಕೈ ಎತ್ತುವವರನ್ನು ಹಿಡಿದುಕೊಂಡು ಹೋದರೆ ಗೊಮ್ಮಟ ಬೆಟ್ಟದ ಮೇಲೆ ನಿಂತೇ ಇರುತ್ತಾನೆ. ಆದರೆ ಅವನು ಅಲ್ಲಿಗೆ ಹೋದದ್ದು ಹೇಗೆ ಎಂದು ಹೇಳಲು ಯಾರೂ ಇರುವುದಿಲ್ಲ. ಆಮೇಲೆ ಯಾರೋ ಹೊರಗಿನವರು ಬಂದು, ಇದು ಇವರ ಕೈಯಿಂದ ಆಗುವ ಕೆಲಸವೇ ಅಲ್ಲ, ಬೇರೆ ಲೋಕದವರು ಮಾಡಿರಬೇಕು ಎನ್ನುತ್ತಾರೆ. ರಾಪಾ ನುಯಿಗೆ ಆದದ್ದು ಇದೇ. ಮರದ ಹಲಗೆಗಳ ಮೇಲೆ ಸಾಲು ಸಾಲಾಗಿ ಕೊರೆದ ಅವರದೇ ಒಂದು ಲಿಪಿ ಇತ್ತು, ರೊಂಗೊರೊಂಗೊ. ಇಂದು ಜಗತ್ತಿನಲ್ಲಿ ಅಂಥ ಸುಮಾರು ಎರಡು ಡಜನ್ ಹಲಗೆಗಳು ಉಳಿದಿವೆ. ಓದಬಲ್ಲವರು ಒಬ್ಬರೂ ಇಲ್ಲ. ಒಂದು ಹಲಗೆಯೂ ದ್ವೀಪದಲ್ಲಿ ಇಲ್ಲ.

ಕಾರ್ಕಳದ ಗೊಮ್ಮಟನ ವಿಷಯದಲ್ಲಿ ನಾವು ಪುಣ್ಯವಂತರು. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಆ ಮೂರ್ತಿಯನ್ನು ಇಪ್ಪತ್ತು ಗಾಲಿಗಳ ಬಂಡಿಯಲ್ಲಿ ಬೆಟ್ಟಕ್ಕೆ ಎಳೆದ ಕಥೆಯನ್ನು 17ನೇ ಶತಮಾನದ ಕವಿ ಚಂದ್ರಮ ಬರೆದಿಟ್ಟಿದ್ದಾನೆ. ರಾಪಾ ನುಯಿಯಲ್ಲಿ ಉಳಿದದ್ದು ಬಾಯಿಮಾತಿನ ಒಂದು ಸಾಲು: ಮೊವಾಯ್‌ಗಳು ತಾವೇ ನಡೆದು ಬಂದವು. ಬಂದ ವಿದ್ವಾಂಸರು ಇದನ್ನು ಅಜ್ಜಿಕಥೆ ಎಂದು ಬದಿಗೆ ಇಟ್ಟರು. ಕೆಲವರು ಮರದ ದಿಮ್ಮಿಯ ಮೇಲೆ ಉರುಳಿಸಿರಬೇಕು ಎಂದರು, ಕೆಲವರು ಜಾರುಗಾಡಿ ಎಂದರು. ಇವತ್ತಿಗೂ ಆ ಚರ್ಚೆ ನಿಂತಿಲ್ಲ. ಆದರೆ ಟೆರಿ ಹಂಟ್, ಕಾರ್ಲ್ ಲೈಪೊ ಎಂಬ ಇಬ್ಬರು ಪುರಾತತ್ವಜ್ಞರು ದಾರಿಯಲ್ಲಿ ಬಿದ್ದ ಮೂರ್ತಿಗಳ ಆಕಾರವನ್ನೇ ಸರಿಯಾಗಿ ಅಳೆದು ನೋಡಿದರು. ಅವುಗಳ ಬುಡ ಅಗಲ, ಮೈ ಸ್ವಲ್ಪ ಮುಂದಕ್ಕೆ ವಾಲಿದೆ. ಅದೇ ಆಕಾರದಲ್ಲಿ ನಾಲ್ಕು ಟನ್ನಿಗೂ ಮೀರಿದ ಕಾಂಕ್ರೀಟಿನ ಮೂರ್ತಿ ಮಾಡಿ, ತಲೆಗೆ ಮೂರು ಹಗ್ಗ ಕಟ್ಟಿದರು. ಎರಡು ಕಡೆಯವರು ಒಬ್ಬರ ನಂತರ ಒಬ್ಬರಂತೆ ಎಳೆಯುವುದು, ಹಿಂದಿನವರು ಬೀಳದ ಹಾಗೆ ಹಿಡಿಯುವುದು. ಬರೀ 18 ಜನ. ಮೂರ್ತಿ ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ ಓಲಾಡುತ್ತಾ ನಡೆದೇ ಬಂತು.

ನಾನು ಇದನ್ನು ನಂಬುತ್ತೇನೆ. ಲೆಕ್ಕ ಗೊತ್ತಿದ್ದು ಹೇಳುತ್ತಿಲ್ಲ. ತುಂಬಿದ ಗೋಡ್ರೆಜ್ ಕಪಾಟನ್ನು ಗೋಡೆಯಿಂದ ಗೋಡೆಗೆ ಒಬ್ಬರೇ ಸರಿಸಿದ ಯಾವ ಹೆಂಗಸಿಗೂ ಈ ಯುಕ್ತಿ ಗೊತ್ತುಂಟು: ಎತ್ತಬಾರದು, ಒಂದು ಮೂಲೆಯ ಮೇಲೆ ವಾಲಿಸಿ ಇನ್ನೊಂದು ಮೂಲೆಯನ್ನು ಮುಂದಿಡಬೇಕು. ಜತೆಗೆ ಹಾಡು ಬೇಕು. ಅಷ್ಟು ಜನರ ಕೈ ಒಟ್ಟಿಗೇ ಎಳೆಯಬೇಕಾದರೆ ಹಾಡಿನ ತಾಳ ಇಲ್ಲದೆ ಆಗುವುದಿಲ್ಲ. ಮಲ್ಪೆಯಲ್ಲಿ ಹಿಂದೆ ಕೈರಂಪಣಿ ಬಲೆ ಎಳೆಯುವಾಗ ಅದನ್ನು ಕೇಳಿದವರಿಗೆ ನಾನು ವಿವರಿಸಬೇಕಾಗಿಲ್ಲ.

ಕೋರೆಯಿಂದ ಹೊರಟ ಹಳೆಯ ದಾರಿಗಳು ಇನ್ನೂ ಕಾಣುತ್ತವೆ. ಬದಿಯಲ್ಲಿ ಅಲ್ಲಲ್ಲಿ ಬಿದ್ದ ಮೊವಾಯ್‌ಗಳು, ಕೆಲವು ಬೋರಲು, ಕೆಲವು ಅಂಗಾತ. ಬಿದ್ದ ಮೇಲೆ ಅವನ್ನು ಪುನಃ ಎಬ್ಬಿಸಲಿಲ್ಲ, ಹಾಗೆಯೇ ಬಿಟ್ಟರು. ಒಂದರ ಪಕ್ಕ ನಾವು ಬಹಳ ಹೊತ್ತು ನಿಂತೆವು. ಹುಲ್ಲಿನ ನಡುವೆ ಮುಖ ಕೆಳಗೆ ಮಾಡಿ ಮಲಗಿದೆ, ಬೆನ್ನ ಮೇಲೆ ಬಿಳಿ ಹಾವಸೆ. 2022ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದು ರಾನೊ ರರಾಕುವಿನ ಸುತ್ತಲ ಹುಲ್ಲುಗಾವಲು ಉರಿದಿತ್ತು. ಬಿಸಿಗೆ ಕಲ್ಲು ಸೀಳುತ್ತದೆ, ಆಮೇಲೆ ಮಳೆನೀರು ಆ ಸೀಳಿಗೆ ಇಳಿಯುತ್ತದೆ. ಹೊಗೆ ಹಿಡಿದ ಒಂದು ಮೂರ್ತಿಯನ್ನು ಗೈಡ್ ತೋರಿಸಿದರು. ತೋರಿಸುವಾಗ ಬೆರಳು ಚಾಚಲಿಲ್ಲ, ಅಂಗೈ ಮೇಲೆ ಮಾಡಿ ಕೈ ನೀಡಿದರು, ನಾವು ಹಿರಿಯರನ್ನು ತೋರಿಸುವ ಹಾಗೆ.

ಅವರಿಗೆ ಇವು ಹಿರಿಯರೇ. ತೀರಿಕೊಂಡ ಮುಖ್ಯಸ್ಥರ ನೆನಪಿಗೆ ಒಂದೊಂದು ಕುಲದವರು ಒಂದೊಂದು ಕಟ್ಟೆ ಕಟ್ಟಿ ಅದರ ಮೇಲೆ ಮೊವಾಯ್ ನಿಲ್ಲಿಸುತ್ತಿದ್ದರು. ಕಟ್ಟೆಗೆ ಆಹು ಎನ್ನುತ್ತಾರೆ, ಅದರೊಳಗೆ ಸತ್ತವರ ಎಲುಬುಗಳು ಉಂಟು. ಸಮುದ್ರದ ಬದಿಯಲ್ಲೇ ನಿಂತಿದ್ದರೂ ಅವು ಸಮುದ್ರಕ್ಕೆ ಬೆನ್ನು ಹಾಕಿ ಒಳಗೆ, ತಮ್ಮ ಊರಿನ ಕಡೆಗೆ ನೋಡುತ್ತವೆ. ಕಾಯುವುದು ಊರನ್ನಲ್ಲವೇ. ಆಹು ಆಕಿವಿ ಎಂಬಲ್ಲಿ ಇರುವ ಏಳು ಮೂರ್ತಿಗಳು ಮಾತ್ರ ಸಮುದ್ರದ ದಿಕ್ಕಿಗೆ ತಿರುಗಿವೆ. ಅವು ಒಳನಾಡಿನಲ್ಲಿ ನಿಂತದ್ದರಿಂದ ಹಾಗೆ, ಅವುಗಳ ಎದುರಿಗೂ ಆ ಕಾಲದಲ್ಲಿ ಊರಿತ್ತು.

ನಾವು ತುಳುನಾಡಿನವರು ಇದನ್ನು ಕೇಳಿ ಆಶ್ಚರ್ಯಪಡಬೇಕಾಗಿಲ್ಲ. ತರವಾಡು ಮನೆಯಲ್ಲಿ ಗುರುಕಾರ್ನವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು, ಹೊರಗೆ ಕಾಯುವ ಜನ ನಾವು. ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ, ಸ್ಥಾನ ಕೊಟ್ಟರೆ ಕಾಯುತ್ತಾರೆ ಎಂದು ನಂಬುವವರು. ಕಟ್ಟೆಯ ಮೇಲೆ ಕಾಲಿಡಬಾರದು ಎಂದು ಅಲ್ಲಿ ಎಲ್ಲ ಕಡೆ ಫಲಕ ಹಾಕಿದ್ದಾರೆ. ಆದರೂ ಒಬ್ಬ ಪ್ರವಾಸಿ ಪಟ ತೆಗೆಯಲು ಇಳಿಜಾರಿನ ಕಲ್ಲುಹಾಸಿಗೆ ಕಾಲಿಟ್ಟ. ಗೈಡ್ ದೂರದಿಂದಲೇ ಕೂಗಿದ ರೀತಿಗೆ ಅವನು ಹಾರಿ ಹಿಂದೆ ಬಂದ. ನನಗೆ ಆ ಕೂಗು ಸರಿ ಅನ್ನಿಸಿತು. ದೈವದ ಚಾವಡಿಗೆ ಚಪ್ಪಲಿ ಹಾಕಿ ಬಂದವನನ್ನು ನನ್ನ ಅಜ್ಜಿಯೂ ಹಾಗೆಯೇ ಕೂಗುತ್ತಿದ್ದರು.

ಕಣ್ಣಿನ ವಿಷಯವನ್ನೂ ಹೇಳಬೇಕು. ಬಹಳ ಕಾಲ ಈ ಮೂರ್ತಿಗಳಿಗೆ ಕಣ್ಣೇ ಇರಲಿಲ್ಲ ಎಂದು ತಿಳಿದಿದ್ದರು. 1978ರಲ್ಲಿ ಆನಕೇನದಲ್ಲಿ ಕಟ್ಟೆಯ ಕೆಲಸ ಮಾಡುವಾಗ ಬಿಳಿ ಹವಳದ ತುಂಡುಗಳು ಸಿಕ್ಕವು. ದ್ವೀಪದವರೇ ಆದ ಪುರಾತತ್ವಜ್ಞ ಸೆರ್ಜಿಯೊ ರಾಪು ಅವು ಮೊವಾಯ್‌ನ ಕಣ್ಣು ಎಂದು ತೋರಿಸಿಕೊಟ್ಟರು. ಬಿಳಿ ಹವಳ, ನಡುವೆ ಕೆಂಪು ಕಲ್ಲಿನ ಪಾಪೆ. ಮೂರ್ತಿ ಕಟ್ಟೆಯ ಮೇಲೆ ನಿಂತ ಮೇಲೆಯೇ ಕಣ್ಣು ಇಡುವುದು, ಆಗಲೇ ಅದಕ್ಕೆ ಶಕ್ತಿ ಬರುವುದು. ನಮ್ಮ ಶಿಲ್ಪಿಗಳೂ ನೇತ್ರೋನ್ಮೀಲನವನ್ನು ಕೊನೆಗೇ ಮಾಡುವುದು. ಪೇಟೆಯ ಹತ್ತಿರದ ತಹಾಯ್ ಎಂಬಲ್ಲಿ ಕಣ್ಣು ಕೂರಿಸಿದ ಒಂದು ಮೊವಾಯ್ ಉಂಟು. ತಲೆಯ ಮೇಲೆ ಕೆಂಪು ಕಲ್ಲಿನ ದೊಡ್ಡ ಗಂಟು. ಸಂಜೆ ಎಲ್ಲರೂ ಅಲ್ಲಿ ಹುಲ್ಲಿನ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ನನಗೆ ಸೂರ್ಯನಿಗಿಂತ ಆ ಕಣ್ಣನ್ನು ನೋಡುವುದೇ ಆಯಿತು. ಕಣ್ಣಿಲ್ಲದ ನೂರಾರು ಮುಖಗಳನ್ನು ನೋಡಿ ಬಂದ ಮೇಲೆ ಅದು ಬೇರೆಯೇ.

ತೊಂಗರೀಕಿಯ 15 ಮೊವಾಯ್‌ಗಳ ಸಾಲನ್ನು ಬೆಳಗಿನ ಹೊತ್ತಿಗೆ ನೋಡಿದೆವು. ಎಲ್ಲರೂ ಪಟ ಹಾಕುವ ಜಾಗ, ಪಟದಲ್ಲಿ ಕಂಡ ಹಾಗೆಯೇ ಉಂಟು, ಚಂದ. 1960ರಲ್ಲಿ ಚಿಲಿಯ ಮಹಾ ಭೂಕಂಪದ ಸುನಾಮಿ ಈ ಮೂರ್ತಿಗಳನ್ನೆಲ್ಲ ಎತ್ತಿ ಒಳಕ್ಕೆ ಎಸೆದಿತ್ತು. 1990ರ ದಶಕದಲ್ಲಿ ಜಪಾನಿನ ಕಂಪೆನಿಯೊಂದು ಕೊಟ್ಟ ಕ್ರೇನಿನಿಂದ ಪುನಃ ನಿಲ್ಲಿಸಿದರು. ಅದರಲ್ಲಿ ಅತಿ ಭಾರದ್ದು 86 ಟನ್.

ಓರೊಂಗೊಕ್ಕೆ ಹೋದ ದಿನ ಗಾಳಿ ಜೋರು. ರಾನೊ ಕಾವು ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ, ಒಂದು ಕಡೆ ಕುಳಿಯೊಳಗಿನ ಕೆರೆ, ಇನ್ನೊಂದು ಕಡೆ ನೇರ ಸಮುದ್ರಕ್ಕೆ ಇಳಿಯುವ ಪ್ರಪಾತ, ನಡುವೆ ಚಪ್ಪಟೆ ಕಲ್ಲು ಪೇರಿಸಿದ ತಗ್ಗು ಮನೆಗಳು. ಮೊವಾಯ್ ಕೆತ್ತುವುದು ನಿಂತ ಮೇಲಿನ ಕಾಲದಲ್ಲಿ ಪ್ರತಿ ವರ್ಷ ಇಲ್ಲಿಂದ ಯುವಕರು ಪ್ರಪಾತ ಇಳಿದು, ಈಜಿ ಎದುರಿನ ಮೋತು ನುಯಿ ಎಂಬ ಕಲ್ಲುದಿಬ್ಬಕ್ಕೆ ಹೋಗಿ, ಕಡಲಹಕ್ಕಿಯ ಮೊದಲ ಮೊಟ್ಟೆ ತರಬೇಕಿತ್ತು. ಯಾರ ಕಡೆಯವನು ಮೊದಲು ತಂದನೋ ಆ ಮುಖ್ಯಸ್ಥ ಆ ವರ್ಷದ ಹಕ್ಕಿಮನುಷ್ಯ. ಮೇಲಿನಿಂದ ಆ ದಿಬ್ಬವನ್ನೂ ಕೆಳಗಿನ ಅಲೆಯನ್ನೂ ನೋಡಿದರೆ ಆ ಯುವಕರಿಗೆ ಈಜುವ ಧೈರ್ಯ ಎಲ್ಲಿಂದ ಬಂತು ಎಂದೇ ಅನ್ನಿಸುತ್ತದೆ.

ಇಲ್ಲಿಯ ಒಂದು ಕಲ್ಲುಮನೆಯೊಳಗೆ ಬಸಾಲ್ಟಿನ ಒಂದು ಮೊವಾಯ್ ಇತ್ತು, ಬೆನ್ನಿನ ಮೇಲೆ ಹಕ್ಕಿಮನುಷ್ಯರ ಕೆತ್ತನೆ. ಹೆಸರು ಹೋವಾ ಹಾಕಾನನಾಯಿಆ. 1868ರಲ್ಲಿ ಬ್ರಿಟಿಷ್ ನೌಕೆ ಟೋಪೇಜ್‌ನವರು ಕೊಂಡುಹೋದರು. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಉಂಟು. 2018ರಲ್ಲಿ ದ್ವೀಪದವರು ಲಂಡನ್ನಿಗೇ ಹೋಗಿ, ನಮ್ಮ ಹಿರಿಯರನ್ನು ನಮಗೆ ಕೊಡಿ ಎಂದು ಕಣ್ಣೀರು ಹಾಕಿ ಕೇಳಿದರು. ಇನ್ನೂ ಬಂದಿಲ್ಲ. ದೆಹಲಿಯ ಕರಕುಶಲ ಮ್ಯೂಸಿಯಮ್ಮಿನಲ್ಲಿ ನಮ್ಮ ಮೆಕ್ಕೆಕಟ್ಟಿನ ಮರದ ಭೂತಗಳು ನಿಂತದ್ದನ್ನು ನಾನು ನೋಡಿದ್ದೇನೆ. ದೀಪ ಇಲ್ಲ, ಹೂ ಇಲ್ಲ, ಕೆಳಗೆ ಒಂದು ಚೀಟಿ. ನೋಡಿದಾಗ ಏನೋ ಸಂಕಟ ಆಗಿತ್ತು. ಓರೊಂಗೊದಲ್ಲಿ ಆ ಖಾಲಿ ಮನೆಯ ಎದುರು ನಿಂತಾಗ ಅದೇ ಸಂಕಟ ಪುನಃ ಆಯಿತು.

ಗುಲಾಮರ ಹಡಗಿನ ನಂತರವೂ ಕಷ್ಟ ಮುಗಿಯಲಿಲ್ಲ. 1888ರಲ್ಲಿ ದ್ವೀಪ ಚಿಲಿಗೆ ಸೇರಿತು. ಸ್ವಲ್ಪ ಕಾಲದಲ್ಲಿ ಇಡೀ ದ್ವೀಪ ಕುರಿ ಸಾಕುವ ಕಂಪೆನಿಯ ಕೈಗೆ ಹೋಯಿತು. ಜನರನ್ನು ಹಾಂಗಾ ರೋವದೊಳಗೆ ಕೂಡಿಹಾಕಿ ಸುತ್ತ ಗೋಡೆ ಹಾಕಿದರು. ತಮ್ಮದೇ ಹಿರಿಯರ ಕಟ್ಟೆಗೆ ಹೋಗಲು ಅಪ್ಪಣೆ ಬೇಕು. ಹತ್ತಾರು ಸಾವಿರ ಕುರಿಗಳು ಮೊವಾಯ್‌ಗಳ ನಡುವೆ ಮೇಯುತ್ತಿದ್ದವು. ಕಂಪೆನಿ ಹೋದದ್ದು 1953ರಲ್ಲಿ, ಆಮೇಲೆ ನೌಕಾಪಡೆಯ ಆಡಳಿತ. ಪೂರ್ಣ ಪೌರತ್ವ ಸಿಕ್ಕಿದ್ದು 1966ರಲ್ಲಿ. ಗೈಡ್ ಹೇಳಿದರು, ಅವರ ಅಜ್ಜಿಗೆ ಆ ಗೋಡೆಯ ಒಳಗಿನ ಬದುಕು ಸರಿಯಾಗಿ ನೆನಪಿತ್ತಂತೆ.

2017ರಿಂದ ರಾಷ್ಟ್ರೀಯ ಉದ್ಯಾನದ ಆಡಳಿತ ಮಾವು ಹೆನುವಾ ಎಂಬ ದ್ವೀಪದವರದೇ ಸಂಘಟನೆಯ ಕೈಯಲ್ಲಿದೆ. ಹೆಚ್ಚಿನ ಜಾಗಗಳಿಗೆ ಸ್ಥಳೀಯ ಗೈಡ್ ಇಲ್ಲದೆ ಬಿಡುವುದಿಲ್ಲ. ಕೆಲವು ಪ್ರವಾಸಿಗಳು ಇದಕ್ಕೆ ಗೊಣಗುವುದನ್ನು ಕೇಳಿದೆ. ನನಗೆ ಇದು ತುಂಬ ನ್ಯಾಯವಾಗಿ ಕಂಡಿತು. ಬೇರೆಯವರ ಹಿರಿಯರನ್ನು ನೋಡಲು ಹೋಗುವಾಗ ಮನೆಯವರು ಜತೆಗಿರಬೇಡವೇ?

ಹೋಗುವವರಿಗೆ ನಾಲ್ಕು ಮಾತು. ಉದ್ಯಾನದ ಟಿಕೇಟನ್ನು ಮೊದಲೇ ಮಾಡಿಸಿ. ಅದರಲ್ಲಿ ರಾನೊ ರರಾಕು ಮತ್ತು ಓರೊಂಗೊಕ್ಕೆ ಒಂದೇ ಸಲ ಪ್ರವೇಶ, ಆದ್ದರಿಂದ ಅವಸರದ ದಿನ ಅಲ್ಲಿಗೆ ಹೋಗಬೇಡಿ. ಹೋಗಿ ಬರುವ ಟಿಕೇಟು, ಉಳಿಯುವ ಮನೆಯ ಕಾಗದ ಕೇಳುತ್ತಾರೆ. ಪ್ರವಾಸಿಗಳಿಗೆ 30 ದಿನದ ಮಿತಿ ಉಂಟು. ಬೆಲೆ ದುಬಾರಿ, ಯಾಕೆಂದರೆ ಗೆಣಸು ಮೀನು ಬಿಟ್ಟರೆ ಹೆಚ್ಚಿನದೆಲ್ಲ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಮೀನು ತಿನ್ನುವವರಿಗೆ ಚಿಂತೆಯಿಲ್ಲ, ನಾವು ಕೇದರ್ ಎನ್ನುವ ಟ್ಯೂನಾವನ್ನು ಬೆಳಗ್ಗೆ ಹಿಡಿದು ಮಧ್ಯಾಹ್ನ ಬಡಿಸುತ್ತಾರೆ. ಸಸ್ಯಾಹಾರಿಗಳು ಗೆಣಸು, ಕೆಸುವಿನ ಗಡ್ಡೆ, ಬಾಳೆಹಣ್ಣು ಕುಂಬಳಕಾಯಿ ಹಾಕಿ ಮಾಡುವ ಪೊಯೆ ಎಂಬ ಸಿಹಿ ಕೇಳಿ ತಿನ್ನಬಹುದು. ಉಳಿಯುವುದಾದರೆ ಹೋಟೆಲಿಗಿಂತ ದ್ವೀಪದವರ ಮನೆಯಲ್ಲಿ ಉಳಿಯಿರಿ. ರಾತ್ರಿ ಊಟದ ನಂತರ ಅವರು ಹೇಳುವ ಕಥೆಗಳಿಗೆ ಟಿಕೇಟು ಇಲ್ಲ.

ಇನ್ನೊಂದು ಕೆಲಸಕ್ಕೆ ನಾನು ಕೈ ಹಾಕಿದ್ದೇನೆ, ಅದಕ್ಕೆ ನಿಮ್ಮ ಸಹಾಯ ಬೇಕು. ಮಾವ ಈಗ ಇಲ್ಲ. 1973ರಲ್ಲಿ ಬಾಹುಬಲಿಯ ಗಾಡಿಯ ಜತೆ ನಡೆದವರು, ರಸ್ತೆ ಗಟ್ಟಿ ಮಾಡಿದವರು, ಹಗ್ಗ ಹಿಡಿದವರು, ರೆಂಜಾಳರ ಕೈಕೆಳಗೆ ಉಳಿ ಹಿಡಿದವರು ಇಂದು ಎಪ್ಪತ್ತು ಎಂಬತ್ತು ದಾಟಿದವರು. ಬೆಟ್ಟಕ್ಕೆ ಹತ್ತಿಸುವಾಗ ಎಂತ ಕಟ್ಟಿದರು, ತಿರುವಿನಲ್ಲಿ ಹೇಗೆ ತಿರುಗಿಸಿದರು, ಯಾವ ಮಾತು ಕೂಗಿದರು, ರಾತ್ರಿ ಕಾವಲಿಗೆ ಕೂತವರು ಯಾವ ಹಾಡು ಹಾಡಿದರು, ಎಲ್ಲವನ್ನೂ ಅವರ ಬಾಯಿಂದಲೇ ಕೇಳಿ ಬರೆದಿಡಬೇಕು ಎಂದು ಹೊರಟಿದ್ದೇನೆ. ಕಾರ್ಕಳ, ಬಜಗೋಳಿ, ವೇಣೂರು, ಬೆಳ್ತಂಗಡಿ, ಉಜಿರೆ ಕಡೆಯಲ್ಲಿ ಅಂಥವರು ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ತುಳು, ಕನ್ನಡ, ಕೊಂಕಣಿ ಯಾವುದರಲ್ಲಿ ಹೇಳಿದರೂ ಆಗುತ್ತದೆ, ನಾನೇ ಬಂದು ಕೂರುತ್ತೇನೆ.